ಮದುವೆಗೆ ಮುಂಚೆ ಹದಿನೈದು ಕಿಲೋ ಇಳಿಸಬೇಕೇ?

ಪ್ರಶ್ನೆ: ನನಗೆ 43 ವರ್ಷ. ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕುಳಿತೇ ಇರುವ ಕೆಲಸ. ಎತ್ತರ 168 ಸೆಂ.ಮೀ., ತೂಕ 92 ಕಿಲೋ, ಹೊಟ್ಟೆಯ ಸುತ್ತಳತೆ 108 ಸೆಂ.ಮೀ. ಇತ್ತೀಚಿನ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.1, ರಕ್ತದೊತ್ತಡ 138/88 ಬಂದಿದೆ. ಮಾತ್ರೆ ಯಾವುದೂ ಇಲ್ಲ. ಮಂಡಿ ನೋವಿದೆ, ರಾತ್ರಿ ಗೊರಕೆ ಜೋರು. ದಿನಕ್ಕೆ ಏಳು ಬಾರಿ ಚಹಾ ಆಗುತ್ತದೆ, ಸಂಜೆ ಒಗ್ಗರಣೆ ಮಿರ್ಚಿ ಇರುತ್ತದೆ, ರಾತ್ರಿ ಊಟ ಹತ್ತೂವರೆಗೆ. ಎರಡು ವರ್ಷದ ಹಿಂದೆ ರಾತ್ರಿ ಊಟ ಬಿಟ್ಟು ಬರೀ ಹಣ್ಣು ತಿಂದು 9 ಕಿಲೋ ಇಳಿಸಿದ್ದೆ, ಎಲ್ಲವೂ ತಿರುಗಿ ಬಂತು. ಮೂರು ತಿಂಗಳಿಗೆ ತಂಗಿಯ ಮದುವೆ ಇದೆ, ಅಷ್ಟರಲ್ಲಿ 15 ಕಿಲೋ ಇಳಿಸಬೇಕೆಂದಿದ್ದೇನೆ. ಅನ್ನ ಪೂರ್ತಿ ಬಿಡಬೇಕೇ? ಗೆಳೆಯರೊಬ್ಬರು ಹೇಳುವ ಚೂರ್ಣ ತೆಗೆದುಕೊಳ್ಳಬಹುದೇ? ಮನೆಯಲ್ಲಿ ನನಗಾಗಿ ಬೇರೆ ಅಡುಗೆ ಮಾಡಲಾಗದು ಎನ್ನುತ್ತಾರೆ. — ಹೆಸರು ಬೇಡ, ಸಿಂಧನೂರು

ಉತ್ತರ: ಮೊದಲು ಆ ಹದಿನೈದು ಕಿಲೋ ಲೆಕ್ಕವನ್ನು ಕೈಬಿಡಿ. ಮದುವೆಯ ದಿನಾಂಕಕ್ಕೂ ನಿಮ್ಮ ಆರೋಗ್ಯಕ್ಕೂ ಸಂಬಂಧವಿಲ್ಲ. ಮುಂದಿನ ಆರರಿಂದ ಎಂಟು ತಿಂಗಳಲ್ಲಿ ಆರು ಕಿಲೋ ಇಳಿಸಿ, ಇಳಿದದ್ದನ್ನು ಅಲ್ಲೇ ನಿಲ್ಲಿಸಿಕೊಳ್ಳುವುದು ನಿಮ್ಮ ಗುರಿಯಾಗಿರಲಿ. ಇಷ್ಟೇನಾ ಎಂದು ಬೇಸರ ಮಾಡಿಕೊಳ್ಳಬೇಡಿ. ಆರು ಕಿಲೋ ಎಂದರೆ ನಿಮ್ಮ ತೂಕದ ಸುಮಾರು ಶೇ. 7ರಷ್ಟು. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಜೀವನಕ್ರಮ ಬದಲಿಸಿಕೊಂಡ ಗುಂಪಿಗೆ ಕೊಟ್ಟಿದ್ದ ಗುರಿಯೂ ಇದೇ: ಶೇ. 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ. ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು ಶೇ. 31. ನಮ್ಮಲ್ಲೇ, ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಟ ಮತ್ತು ನಡಿಗೆಯ ಬದಲಾವಣೆಯಿಂದ ಅಪಾಯ ಶೇ. 28ರಷ್ಟು ಕಡಿಮೆಯಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಂದರೆ ತಕ್ಕಡಿಯ ಮುಳ್ಳು ಕದಲದಿದ್ದರೂ ಒಳಗೆ ಒಳ್ಳೆಯದಾಗುತ್ತಿರಬಹುದು.

ನಿಮ್ಮ ಅಂಕಿಗಳು ಏನು ಹೇಳುತ್ತವೆ ಎಂದು ನೋಡೋಣ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಸುಮಾರು 32.6. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ, ಏಕೆಂದರೆ ನಮ್ಮವರಲ್ಲಿ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಬೇಗ ಸೇರುತ್ತದೆ. ಗಂಡಸರಿಗೆ ಸುತ್ತಳತೆ 90 ಸೆಂ.ಮೀ. ಒಳಗಿರಬೇಕು, ನಿಮ್ಮದು 108. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಪೂರ್ವಸ್ಥಿತಿ, ನೀವು ಅದರ ನಡುವಿನಲ್ಲಿದ್ದೀರಿ. ಹೆದರಿಸಲು ಹೇಳುತ್ತಿಲ್ಲ. ಹಿಂದಕ್ಕೆ ಬರಲು ದಾರಿ ಇರುವ ಜಾಗದಲ್ಲೇ ನೀವು ಪರೀಕ್ಷೆ ಮಾಡಿಸಿಕೊಂಡಿದ್ದೀರಿ, ಅದು ನಿಜಕ್ಕೂ ಒಳ್ಳೆಯದಾಯಿತು.

ಹಿಂದೆ ಇಳಿಸಿದ 9 ಕಿಲೋ ತಿರುಗಿ ಬಂದದ್ದಕ್ಕೆ ಮನೋಬಲ ಸಾಲದು ಎಂದು ನಿಮ್ಮನ್ನು ನೀವೇ ಬೈದುಕೊಂಡಿರಬಹುದು. ಅದು ತಪ್ಪು. ಊಟ ಬಿಟ್ಟ ಮೊದಲ ವಾರ ಇಳಿಯುವುದು ಹೆಚ್ಚಾಗಿ ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಕಟ್ಟಿಕೊಂಡಿರುತ್ತದೆ. ದಾಸ್ತಾನು ಕರಗಿದಾಗ ಆ ನೀರೂ ಹೋಗುತ್ತದೆ, ತಿರುಗಿ ಉಂಡಾಗ ಬರುತ್ತದೆ. ಆಮೇಲೆ ಬರೀ ಹಣ್ಣಿನ ಮೇಲಿದ್ದರೆ ಪ್ರೋಟೀನ್ ಸಾಲದೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕ ಇಳಿದ ದೇಹ ಮೊದಲಿಗಿಂತ ಕಡಿಮೆ ಶಕ್ತಿಯಲ್ಲಿ ಕೆಲಸ ನಡೆಸಲು ಕಲಿಯುತ್ತದೆ, ಹಸಿವೆಯ ಹಾರ್ಮೋನುಗಳು ಏರುತ್ತವೆ. ಆ ಸ್ಥಿತಿಯಲ್ಲಿ ಹಳೆಯ ಊಟಕ್ಕೆ ಮರಳಿದರೆ ತೂಕ ಏರದೆ ಇರಲು ಸಾಧ್ಯವೇ ಇಲ್ಲ. ಬಹಳ ಬೇಗ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲು ಕಾಣಿಸಿಕೊಳ್ಳುವುದೂ ಉಂಟು. ಆದ್ದರಿಂದ ಯಾವುದೇ ಬದಲಾವಣೆಗೆ ಕೈ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನು ಮೂರು ವರ್ಷ ಬಿಟ್ಟು, ಬಿತ್ತನೆ ಹಂಗಾಮಿನ ಗದ್ದಲದಲ್ಲೂ ಮಾಡುತ್ತಿರುತ್ತೇನೆಯೇ? ಇಲ್ಲ ಎನಿಸಿದರೆ ಅದನ್ನು ಶುರು ಮಾಡಲೇಬೇಡಿ.

ಮೊದಲ ತಿಂಗಳು ಚಹಾ. ಬೇರೇನನ್ನೂ ಬದಲಿಸಬೇಡಿ. ಒಂದು ಚಹಾಕ್ಕೆ ಒಂದೂವರೆ ಚಮಚ ಸಕ್ಕರೆ ಎಂದು ಹಿಡಿದರೂ ಏಳು ಚಹಾಕ್ಕೆ ಹತ್ತೂವರೆ ಚಮಚ, ಅಂದರೆ ಸುಮಾರು 50 ಗ್ರಾಂ, 200 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮ ಎನ್ನುತ್ತದೆ. ನಿಮ್ಮಲ್ಲಿ ಚಹಾ ಒಂದರಿಂದಲೇ ಅದರ ಎರಡು ಪಟ್ಟು ಆಗುತ್ತಿದೆ. ಅಂಗಡಿಗೆ ಬಂದ ರೈತರಿಗೆ ಚಹಾ ತರಿಸದೆ ಕಳಿಸಲಾಗುವುದಿಲ್ಲ, ಅವರ ಜೊತೆ ಕುಡಿಯದಿದ್ದರೆ ಸರಿ ಕಾಣುವುದಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಚಹಾ ಬಿಡಿ ಎನ್ನುತ್ತಿಲ್ಲ. ಮನೆಯ ಎರಡು ಚಹಾದಲ್ಲಿ ಮೊದಲ ವಾರ ಸಕ್ಕರೆ ಒಂದು ಚಮಚಕ್ಕೆ ಇಳಿಸಿ, ಮುಂದಿನ ವಾರ ಮುಕ್ಕಾಲು, ಆಮೇಲೆ ಅರ್ಧ. ನಾಲಿಗೆ ಕೆಲವೇ ವಾರಗಳಲ್ಲಿ ಒಗ್ಗುತ್ತದೆ. ಅಂಗಡಿಯಲ್ಲಿ ಚಹಾ ತರುವ ಹುಡುಗನಿಗೆ ನಿಮ್ಮದೊಂದು ಸಕ್ಕರೆ ಇಲ್ಲದ ಲೋಟ ಎಂದು ಖಾಯಂ ಹೇಳಿಬಿಡಿ. ಕಲಸಿಟ್ಟ ಚಹಾವೇ ಬರುವುದಾದರೆ ಐದರಲ್ಲಿ ಎರಡನ್ನು ಮಾತ್ರ ಕುಡಿದು, ಉಳಿದ ಸಲ ನೀರು ಮಜ್ಜಿಗೆ ಹಿಡಿದು ಕುಳಿತುಕೊಳ್ಳಿ. ಬೆಲ್ಲದ ಚಹಾ ಒಳ್ಳೆಯದು ಎಂಬ ಮಾತನ್ನು ನಂಬಬೇಡಿ. ರಕ್ತದ ಸಕ್ಕರೆಯ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಬೇಸಿಗೆಯಲ್ಲಿ ತಂಪು ಪಾನೀಯದ ಬಾಟಲಿಯ ಕಡೆ ಕೈ ಹೋದಾಗ ನೆನಪಿಡಿ, 300 ಮಿಲಿ ಕೋಲಾದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಕಬ್ಬಿನ ಹಾಲು ಅದಕ್ಕೇನೂ ಕಡಿಮೆಯಲ್ಲ.

ಒಂದೇ ತಿಂಗಳಿಗೆ ಒಂದೇ ಬದಲಾವಣೆ ಏಕೆ ಎಂದರೆ, ಅಭ್ಯಾಸ ಮೈಗೂಡಲು ಸಮಯ ಬೇಕು. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನೇ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಯಿತು. ನಡುವೆ ಒಂದು ದಿನ ತಪ್ಪಿದವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಆದ್ದರಿಂದ ತಪ್ಪಿದ ದಿನದ ಬಗ್ಗೆ ಕೊರಗಬೇಡಿ, ಮರುದಿನ ಮುಂದುವರಿಸಿ.

ಎರಡನೆಯದು ರಾತ್ರಿಯ ಊಟ. ನಿಮ್ಮ ತೂಕದ ಮುಖ್ಯ ಗುಟ್ಟು ಇಲ್ಲಿದೆ ಎಂದು ನನ್ನ ನಂಬಿಕೆ. ಮಧ್ಯಾಹ್ನ ಎರಡು ಗಂಟೆಗೆ ಉಂಡವರು ಹತ್ತೂವರೆಯವರೆಗೆ ಹಸಿದಿರುತ್ತೀರಿ, ಮಧ್ಯೆ ಮಿರ್ಚಿ ಬರುತ್ತದೆ, ಮನೆಗೆ ಹೋದ ಮೇಲೆ ಹಸಿವಿನ ಭರದಲ್ಲಿ ತಟ್ಟೆ ತುಂಬ ಅನ್ನ ಬೀಳುತ್ತದೆ, ಅರ್ಧ ಗಂಟೆಯಲ್ಲಿ ಹಾಸಿಗೆ. ಅಂಗಡಿ ಬೇಗ ಮುಚ್ಚಿ ಎಂದು ನಾನು ಹೇಳಿದರೆ ಅದು ನಡೆಯದ ಮಾತು. ಬದಲಿಗೆ ಏಳೂವರೆ ಎಂಟಕ್ಕೆ ಮನೆಯಿಂದ ಬುತ್ತಿ ತರಿಸಿಕೊಳ್ಳಿ. ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೌತೆಕಾಯಿ ಅಂಗಡಿಯಲ್ಲೇ ಮುಗಿಸಿ. ಮನೆಗೆ ಹೋದ ಮೇಲೆ ಮಕ್ಕಳ ಜೊತೆ ಕುಳಿತು ಒಂದು ಬಟ್ಟಲು ಮಜ್ಜಿಗೆ ಅನ್ನ ಉಣ್ಣಿ. ಊಟದ ಸುಖವೂ ಉಳಿಯುತ್ತದೆ, ಹೊಟ್ಟೆಯೂ ಭಾರವಾಗುವುದಿಲ್ಲ.

ಅನ್ನ ಪೂರ್ತಿ ಬಿಡಬೇಕೇ ಎಂದು ಕೇಳಿದ್ದೀರಿ. ಬೇಡ. ಈ ವಿಷಯದಲ್ಲಿ ನಮ್ಮ ಭಾಗದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಇದೆ. ಅನ್ನ ವಿಷ ಎನ್ನುವವರು ಒಂದು ಕಡೆ, ರೊಟ್ಟಿ ಎಷ್ಟು ತಿಂದರೂ ಏನೂ ಆಗದು ಎನ್ನುವವರು ಇನ್ನೊಂದು ಕಡೆ. ನೂರು ಗ್ರಾಂ ಅಕ್ಕಿಯಲ್ಲೂ ನೂರು ಗ್ರಾಂ ಜೋಳದಲ್ಲೂ ಕ್ಯಾಲೊರಿ ಹೆಚ್ಚು ಕಡಿಮೆ ಒಂದೇ, 330ರಿಂದ 350. ಐದು ರೊಟ್ಟಿ ತಿಂದು ಅನ್ನ ಬಿಟ್ಟೆ ಎಂದರೆ ತೂಕ ಇಳಿಯುವುದಿಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ. ಜೋಳದಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರೊಟ್ಟಿಯನ್ನು ಅಗಿಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಎರಡು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ತಲುಪಿರುತ್ತದೆ. ಮೆತ್ತಗಿನ ಸೋನಾ ಮಸೂರಿ ಅನ್ನ ಸಾರಿನೊಂದಿಗೆ ಜಾರಿ ಹೋಗುತ್ತದೆ.

ತುಂಗಭದ್ರಾ ಅಣೆಕಟ್ಟಿಗೆ 1953ರಲ್ಲಿ ನೀರು ನಿಂತು, ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಯ ಹೊಲಗಳಿಗೆ ಹರಿದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ತಟ್ಟೆಯೂ ಅದರ ಜೊತೆ ಬದಲಾಯಿತು. ಬದಲಾದದ್ದು ಧಾನ್ಯ ಮಾತ್ರವಲ್ಲ. ರೊಟ್ಟಿಯ ಜೊತೆಗೆ ತಾನಾಗಿಯೇ ಬರುತ್ತಿದ್ದ ಪುಂಡಿಪಲ್ಯ, ಹಸಿ ಮೆಂತ್ಯ, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ, ಮಡಿಕೆಕಾಳು, ಹೆಸರುಕಾಳಿನ ಪಲ್ಯ ಎಲ್ಲವೂ ಹಿಂದೆ ಸರಿದವು. ನಾಟಿ ಕಳೆ ಎಂದು ದಿನವಿಡೀ ದುಡಿಯುವವರಿಗೆ ಅನ್ನದ ರಾಶಿ ಜೀರ್ಣವಾಗುತ್ತದೆ. ಕುಳಿತು ಬಿಲ್ಲು ಬರೆಯುವ ನಿಮ್ಮ ದೇಹಕ್ಕೆ ಅಷ್ಟು ಬೇಡ. ಹೀಗೆ ಮಾಡಿ: ಊಟಕ್ಕೆ ಮೊದಲು ತಟ್ಟೆಯ ಅರ್ಧ ಭಾಗಕ್ಕೆ ಪಲ್ಯ ಮತ್ತು ಹಸಿ ತರಕಾರಿ ಹಾಕಿಕೊಳ್ಳಿ, ಕಾಲು ಭಾಗಕ್ಕೆ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗದಲ್ಲಿ ರೊಟ್ಟಿಯೋ ಅನ್ನವೋ ನಿಮ್ಮಿಷ್ಟ. ಶೇಂಗಾ ಹಿಂಡಿ, ಗುರೆಳ್ಳು ಪುಡಿ ಪೌಷ್ಟಿಕವೇ, ಆದರೆ ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಮೀರಿದ ಕ್ಯಾಲೊರಿ ಇರುವುದರಿಂದ ಒಂದು ಚಮಚ ಸಾಕು, ಅದರ ಮೇಲೆ ಎಣ್ಣೆ ಸುರಿದುಕೊಳ್ಳುವುದು ಬೇಡ.

ಬೇರೆ ಅಡುಗೆ ಮಾಡಲಾಗದು ಎಂದು ಮನೆಯವರು ಹೇಳಿದ್ದು ಸಂಪೂರ್ಣ ಸರಿ. ಒಬ್ಬರಿಗಾಗಿ ಬೇಯುವ ಪಥ್ಯದ ಅಡುಗೆ ಯಾವ ಮನೆಯಲ್ಲೂ ಬಹುಕಾಲ ನಡೆಯುವುದಿಲ್ಲ, ಹೆಣ್ಣುಮಕ್ಕಳ ಮೇಲೆ ಆ ಭಾರ ಹೊರಿಸುವುದು ನ್ಯಾಯವೂ ಅಲ್ಲ. ಬದಲಾಗಬೇಕಾದದ್ದು ಎಲ್ಲರೂ ಉಣ್ಣುವ ಅಡುಗೆಯ ಎಣ್ಣೆ. ಕಿರಾಣಿ ಚೀಟಿ ತೆಗೆದು ತಿಂಗಳಿಗೆ ಎಷ್ಟು ಎಣ್ಣೆ ಬರುತ್ತದೆ ನೋಡಿ. ನಾಲ್ಕು ಜನರ ಮನೆಗೆ ಐದು ಲೀಟರಿನ ಕ್ಯಾನ್ ಒಂದು ತಿಂಗಳಲ್ಲಿ ಖಾಲಿಯಾಗುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 340 ಕ್ಯಾಲೊರಿ ಎಣ್ಣೆಯಿಂದಲೇ ಹೋಗುತ್ತಿದೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಒಮ್ಮೆಲೇ ಇಳಿಸಿದರೆ ರುಚಿ ಕೆಟ್ಟು ಎಲ್ಲರೂ ಬೇಸರಪಡುತ್ತಾರೆ. ಮುಂದಿನ ತಿಂಗಳು ಕ್ಯಾನ್ ಬದಲು ನಾಲ್ಕು ಪ್ಯಾಕೆಟ್ ತನ್ನಿ, ಅದರ ಮುಂದಿನ ತಿಂಗಳು ಮೂರು. ಎರಡಕ್ಕೆ ಬಂದು ನಿಲ್ಲಲು ಅರ್ಧ ವರ್ಷ ಹಿಡಿದರೂ ಚಿಂತೆಯಿಲ್ಲ. ಒಗ್ಗರಣೆಗೆ ಡಬ್ಬಿಯಿಂದ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕುವುದೊಂದೇ ಇದರಲ್ಲಿನ ಕಷ್ಟ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಿ. ರಕ್ತದೊತ್ತಡ ಅಂಚಿನಲ್ಲಿರುವುದರಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಮೇಲೂ ಕಣ್ಣಿರಲಿ. ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು.

ಸಂಜೆಯ ಒಗ್ಗರಣೆ ಮಿರ್ಚಿಯನ್ನು ನಾನು ಕಿತ್ತುಕೊಳ್ಳುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಬೆಳೆದವರಿಗೆ ಮಿರ್ಚಿ ಬಿಡಿ ಎಂದರೆ ಮೂರು ವಾರದ ಆಚೆ ಆ ಮಾತು ಉಳಿಯದು. ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಎರಡೇ ಮಿರ್ಚಿ, ಬಿಸಿಯಾಗಿ, ಆನಂದದಿಂದ ತಿನ್ನಿ. ಉಳಿದ ದಿನಗಳಲ್ಲಿ ಐದು ಗಂಟೆಗೆ ಒಂದು ಹಿಡಿ ಹುರಿಗಡಲೆ, ನೆನೆಸಿದ ಕಾಳು ಅಥವಾ ಒಂದು ಪೇರಲ ಹಣ್ಣು ಡ್ರಾದಲ್ಲಿ ಇರಲಿ. ಹಸಿವು ಬಂದ ಮೇಲೆ ಹುಡುಕಿದರೆ ಕಣ್ಣಿಗೆ ಬೀಳುವುದು ಎದುರಿನ ಬಂಡಿಯೇ.

ಇನ್ನು ನಡಿಗೆ. ಮಂಡಿ ನೋವಿನಿಂದ ನಡೆಯಲು ಅಂಜುತ್ತೀರಿ ಎಂದು ಊಹಿಸುತ್ತೇನೆ. ಮಂಡಿ ಸವೆತವಿರುವ ಹೆಚ್ಚು ತೂಕದವರಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಹಾಗಾಗಿ ಆರು ಕಿಲೋ ಎಂಬುದು ನಿಮ್ಮ ಮಂಡಿಗೆ ದೊಡ್ಡ ಉಪಕಾರ. ಶುರುವಿನಲ್ಲಿ ಮಧ್ಯಾಹ್ನ ಮತ್ತು ರಾತ್ರಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆದರೆ ಸಾಕು. ಊಟವಾದ ಕೂಡಲೇ ನಡೆಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ನೇರವಾಗಿ ಬಳಸಿಕೊಳ್ಳುತ್ತವೆ, ನಿಮ್ಮ ಸ್ಥಿತಿಗೆ ಇದಕ್ಕಿಂತ ಅಗ್ಗದ ಔಷಧ ಇಲ್ಲ. ಮಧ್ಯಾಹ್ನದ ನಡಿಗೆ ಅಂಗಡಿಯೊಳಗೆ, ಗೋದಾಮಿನ ಸಾಲುಗಳ ನಡುವೆ ಆಗಲಿ. ಮಾರ್ಚಿನಿಂದ ಜೂನಿನವರೆಗೆ ಸಿಂಧನೂರಿನ ಬಿಸಿಲು 40 ಡಿಗ್ರಿ ದಾಟುವಾಗ ರಸ್ತೆಗಿಳಿಯುವ ಸಾಹಸ ಮಾಡಬೇಡಿ. ಬೆಳಗಿನ ನಡಿಗೆ ಏಳರೊಳಗೆ ಮುಗಿಯಲಿ. ಹೊಲದ ಬದುವಿಗಿಂತ ಸಮತಟ್ಟಾದ ಶಾಲಾ ಮೈದಾನ ಮಂಡಿಗೆ ಒಳಿತು. ಎರಡು ತಿಂಗಳಲ್ಲಿ ವಾರಕ್ಕೆ 150 ನಿಮಿಷ ಮುಟ್ಟಬಹುದು. ಆದರೆ ನಡಿಗೆಯೊಂದನ್ನೇ ನಂಬಿ ತೂಕ ಇಳಿಸಲಾಗದು. ಅರ್ಧ ಗಂಟೆಯ ನಡಿಗೆಯಲ್ಲಿ ಖರ್ಚಾಗುವ ಶಕ್ತಿಯನ್ನು ಎರಡು ದೊಡ್ಡ ಮಿರ್ಚಿ ತುಂಬಿಕೊಟ್ಟುಬಿಡುತ್ತವೆ.

ಬಹಳ ಜನ ಕಡೆಗಣಿಸುವ ಸಂಗತಿ ಸ್ನಾಯುಬಲ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕುಳಿತುಕೊಳ್ಳಿ, ಗೋಡೆಗೆ ಅಂಗೈ ಊರಿ ಹತ್ತು ಬಾರಿ ದಂಡ ಹೊಡೆಯಿರಿ, ಸ್ವಲ್ಪ ವಿಶ್ರಾಂತಿ ತೆಗೆದುಕೊಂಡು ಇನ್ನೊಂದು ಸುತ್ತು ಮಾಡಿ. ತೂಕ ಇಳಿಯುವಾಗ ಸ್ನಾಯು ಕರಗದಂತೆ ತಡೆಯುವುದು ಇದೇ. ಹುರುಪಿನಲ್ಲಿ 45 ಕಿಲೋದ ಯೂರಿಯಾ ಚೀಲ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ.

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ತೂಕ ನೋಡಿ ಬರೆದಿಡಿ. ದಿನವೂ ನೋಡಿದರೆ ಉಪ್ಪು, ನೀರಿನ ವ್ಯತ್ಯಾಸದಿಂದಲೇ ಒಂದೆರಡು ಕಿಲೋ ಏರಿಳಿದು ಮನಸ್ಸು ಕೆಡುತ್ತದೆ. ತಿಂಗಳಿಗೊಮ್ಮೆ ಟೇಪು ಹಿಡಿದು ಹೊಟ್ಟೆ ಅಳೆಯಿರಿ. ವಾರಕ್ಕೆ ಕಾಲು ಕಿಲೋ ಇಳಿದರೂ ನೀವು ಸರಿಯಾದ ದಾರಿಯಲ್ಲಿದ್ದೀರಿ. ನಡುವೆ ಮೂರು ನಾಲ್ಕು ವಾರ ತೂಕ ನಿಂತಲ್ಲೇ ನಿಲ್ಲುತ್ತದೆ, ಆಗ ಊಟ ಬಿಡುವ ಹಳೆಯ ಚಟಕ್ಕೆ ಮರಳಬೇಡಿ.

ಮುಖ ಸ್ವಲ್ಪ ಇಳಿದೊಡನೆ ಸುತ್ತಲಿನವರು ಸೊರಗಿದ್ದೀರಿ, ಸಕ್ಕರೆ ಕಾಯಿಲೆ ಬಂತೇನು ಎಂದು ಕೇಳಲು ಶುರು ಮಾಡುತ್ತಾರೆ. ತಾಯಿ ಇನ್ನೊಂದು ರೊಟ್ಟಿ ಬಡಿಸುತ್ತಾರೆ. ಅವರಿಗೆ ಪರೀಕ್ಷೆಯ ಚೀಟಿ ತೋರಿಸಿ, ವೈದ್ಯರು ಹೇಳಿದ್ದಾರೆ ಎನ್ನಿ. ಎಳ್ಳಮಾವಾಸ್ಯೆಯ ಚರಗ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಾದ್ಲಿ, ತಂಗಿಯ ಮದುವೆಯ ಹೋಳಿಗೆ ಎಲ್ಲವನ್ನೂ ಉಣ್ಣಿ. ಹಬ್ಬದ ದಿನ ಉಂಡದ್ದು ಯಾರ ಹೊಟ್ಟೆಯನ್ನೂ ಬೆಳೆಸಿಲ್ಲ. ಬೆಳೆಸುವುದು ಡಬ್ಬಿಯಲ್ಲಿ ಉಳಿದ ಹೋಳಿಗೆ, ಕರಜಿಕಾಯಿಯನ್ನು ಮುಂದಿನ ಎಂಟು ದಿನ ಚಹಾದ ಜೊತೆ ಮುಗಿಸುವುದು. ಉಳಿದದ್ದನ್ನು ಮರುದಿನವೇ ಹಂಚಿಬಿಡಿ.

ಚೂರ್ಣ ಖಂಡಿತ ಬೇಡ. ಏನಿದೆ ಎಂದು ಬರೆಯದ ತೂಕ ಇಳಿಸುವ ಪುಡಿಗಳಲ್ಲಿ ಭೇದಿಯ ಔಷಧ, ಮೂತ್ರ ಹೆಚ್ಚಿಸುವ ಔಷಧ ಬೆರೆತಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಮೆರಿಕ, ಯುರೋಪುಗಳ ಮಾರುಕಟ್ಟೆಯಿಂದ ಹೊರಬಿದ್ದು ಭಾರತದಲ್ಲೂ ನಿಷೇಧಗೊಂಡ ಸಿಬುಟ್ರಮಿನ್ ಎಂಬ ಹಸಿವು ತಗ್ಗಿಸುವ ಔಷಧ ಕೂಡ ಇಂಥ ಪುಡಿಗಳಲ್ಲಿ ಪತ್ತೆಯಾಗಿದೆ. ತೂಕ ಇಳಿಸಲೆಂದು ಈಗ ಮಾತು ಕೇಳಿಬರುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ನಿಜವಾದ ಔಷಧ. ಕೆಲವರಿಗೆ ಅದರ ಅಗತ್ಯವಿದೆ. ಆದರೆ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿ ಬಂದುದನ್ನು ಅಧ್ಯಯನ ತೋರಿಸಿದೆ. ಆರು ತಿಂಗಳ ಪ್ರಾಮಾಣಿಕ ಪ್ರಯತ್ನದ ನಂತರವೂ ಎಚ್‌ಬಿಎ1ಸಿ ಏರುತ್ತಲೇ ಇದ್ದರೆ ಔಷಧದ ಮಾತನ್ನು ನಿಮ್ಮ ವೈದ್ಯರ ಜೊತೆ ಆಡಿ.

ಶುರು ಮಾಡುವ ಮೊದಲೇ ಒಮ್ಮೆ ಥೈರಾಯ್ಡ್, ಕೊಬ್ಬಿನಂಶ, ಯಕೃತ್ತು ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳ ನಂತರ ಮತ್ತೆ ನೋಡಿ. ಅದಕ್ಕೆ ಮುಂಚೆ ನೋಡಿ ಪ್ರಯೋಜನವಿಲ್ಲ, ಏಕೆಂದರೆ ಅದು ಕೆಂಪು ರಕ್ತಕಣಗಳ ಸುಮಾರು 120 ದಿನಗಳ ಆಯುಷ್ಯದ ಲೆಕ್ಕ. ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿದೆ. ಮನೆಯವರನ್ನೂ ಕರೆದೊಯ್ಯಿರಿ. ನಿಮಗೆ ಕೊಟ್ಟ ಈ ಉತ್ತರ ಓದಿ ತಾವೂ ಹೀಗೆ ಮಾಡಬೇಕೆನ್ನುವವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಊಟ ಕಡಿಮೆ ಮಾಡುವ ಮುನ್ನ ವೈದ್ಯರಿಂದ ಪ್ರಮಾಣ ಸರಿಪಡಿಸಿಕೊಳ್ಳಬೇಕು, ಇಲ್ಲವಾದರೆ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ನಡೆಯುವಾಗ ನಿಮಗೆ ಎದೆ ಬಿಗಿತ ಅಥವಾ ಅತಿಯಾದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಗೊರಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆಯೇ ಎಂದು ಮನೆಯವರನ್ನು ಕೇಳಿ. ಹಾಗಿದ್ದರೆ, ಹಗಲು ಅಂಗಡಿಯಲ್ಲಿ ಕುಳಿತಲ್ಲೇ ತೂಕಡಿಕೆ ಬರುತ್ತಿದ್ದರೆ, ಅದು ನಿದ್ರಾ ಉಸಿರುಕಟ್ಟು ಸಮಸ್ಯೆ ಇರಬಹುದು. ಅದು ರಕ್ತದೊತ್ತಡವನ್ನೂ ಹಸಿವನ್ನೂ ಏರಿಸುತ್ತದೆ. ಕಿವಿ, ಮೂಗು, ಗಂಟಲು ತಜ್ಞರನ್ನೋ ಶ್ವಾಸಕೋಶ ತಜ್ಞರನ್ನೋ ಕಂಡು ನಿದ್ರಾ ಪರೀಕ್ಷೆ ಮಾಡಿಸಿ. ಈ ಕೆಲಸವನ್ನು ಮದುವೆ ಮುಗಿಯಲಿ ಎಂದು ಮುಂದೂಡಬೇಡಿ.